ಲಾರಿಯ ಎಡಬದಿಗೆ ನುಗ್ಗಬೇಡಿ

ಮಾನ್ಯರೇ,

ಮೆಕ್ಕೆಜೋಳದ ಸುಗ್ಗಿ ಶುರುವಾದರೆ ದಾವಣಗೆರೆಯ ಎಪಿಎಂಸಿ ಕಡೆ ಲಾರಿಗಳ ಸಾಲು, ಪಿ.ಬಿ. ರಸ್ತೆ ತುಂಬ ಬಸ್ಸುಗಳು, ಇವುಗಳ ನಡುವೆ ಸಂದು ಸಿಕ್ಕಲ್ಲಿ ನುಗ್ಗುವ ಬೈಕುಗಳು. ನೋಡಿದರೆ ಎದೆ ಝಲ್ಲೆನ್ನುತ್ತದೆ.

ಅದರಲ್ಲೂ ಭಯ ಹುಟ್ಟಿಸುವುದು ಗಾಂಧಿ ವೃತ್ತದಂಥ ತಿರುವುಗಳು. ಉದ್ದನೆಯ ಲಾರಿ ಎಡಕ್ಕೆ ತಿರುಗುವ ಮುನ್ನ ಕೊಂಚ ಬಲಕ್ಕೆ ಸರಿಯುತ್ತದೆ. ಜಾಗ ಬಿಟ್ಟುಕೊಟ್ಟರೆಂದು ಬೈಕಿನವರು ಎಡಕ್ಕೆ ನುಗ್ಗುತ್ತಾರೆ. ಆದರೆ ಮುಂದಿನ ಚಕ್ರ ಹೋದ ದಾರಿಯಲ್ಲೇ ಹಿಂದಿನ ಚಕ್ರ ಬರುವುದಿಲ್ಲ. ಅದು ಒಳಕ್ಕೆ, ಫುಟ್‌ಪಾತ್ ಕಡೆಗೆ ಎಳೆದುಕೊಂಡು ಬರುತ್ತದೆ. ಕ್ಯಾಬಿನ್ನಿನ ಎಡಬಾಗಿಲ ಕೆಳಗಿರುವವರು ಎತ್ತರದಲ್ಲಿ ಕೂತ ಚಾಲಕನಿಗೆ ಕಾಣುವುದೇ ಕಷ್ಟ. ಲಾರಿಯ ಕನ್ನಡಿಯಲ್ಲಿ ನಿಮಗೆ ಚಾಲಕನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ ಎಂದೇ ತಿಳಿಯಿರಿ.

2017ರ ಚಾಲನಾ ನಿಯಮಾವಳಿಯೂ ಸಾಮಾನ್ಯವಾಗಿ ಬಲಗಡೆಯಿಂದಲೇ ಓವರ್‌ಟೇಕ್ ಮಾಡಬೇಕೆನ್ನುತ್ತದೆ. ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ತಂದೆತಾಯಂದಿರೇ ಇದನ್ನು ಮುರಿಯುವುದನ್ನು ಕಂಡರೆ ಸಂಕಟವಾಗುತ್ತದೆ. ಚಾಲಕರೂ ಇಂಡಿಕೇಟರ್ ಹಾಕಿ, ಕ್ಲೀನರ್ ಎಡಕ್ಕೆ ಇಣುಕಿ ನೋಡಿದ ಮೇಲೆಯೇ ತಿರುಗಿಸಲಿ. ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಾದರೂ ಸಂಚಾರ ಪೊಲೀಸರು ಭಾರಿ ಲಾರಿಗಳನ್ನು ನಗರದೊಳಗೆ ಬಿಡಬಾರದು.

— ಓದುಗರೊಬ್ಬರು, ದಾವಣಗೆರೆ