ಅರ್ಕಾವೊತ್ತಿನ ರಾತ್ರಿ: ಮಗಳಿಗೊಂದು ಪತ್ರ

ಬೇಲೂರು
ಭಾನುವಾರ ರಾತ್ರಿ

ಪುಟ್ಟಿ,

ಬಸ್ ಹೊರಡುವಾಗ ಕಿಟಕಿಯಿಂದ ನೀನು ಅಪ್ಪನಿಗೆ ಕೈ ಬೀಸಿದೆ, ನನ್ನ ಕಡೆ ನೋಡಲಿಲ್ಲ. ಹಾಸ್ಟೆಲ್ ಸೇರಿ ಆರು ದಿನವಾಯಿತು. ದಿನಾ ರಾತ್ರಿ ಫೋನಿನಲ್ಲಿ "ಊಟ ಆಯ್ತು, ನಿದ್ದೆ ಬರ್ತಿದೆ" ಅಂತ ಎರಡೇ ಮಾತು. ಅದಕ್ಕೇ ಕಾಗದ ಬರೆಯಲು ಕೂತೆ. ಸಾಲುಗಳ ನಡುವೆ ಜಾಗ ಬಿಟ್ಟು, ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಇದನ್ನೇ ಓದಿ ರೆಕಾರ್ಡ್ ಮಾಡಿ ವಾಟ್ಸಾಪಿಗೂ ಹಾಕುತ್ತೇನೆ. ಓದುತ್ತೀಯೋ, ಕೇಳುತ್ತೀಯೋ, ನಿನ್ನಿಷ್ಟ. ಮೊಟಕು ಮಾತ್ರ ಮಾಡಿಲ್ಲ. "ನಂಗೋಸ್ಕರ ಕತೆ ಚಿಕ್ಕದು ಮಾಡ್ಬೇಡಮ್ಮ" ಅಂತ ಏಳನೇ ಕ್ಲಾಸಿನಲ್ಲೇ ಹೇಳಿದ್ದೆಯಲ್ಲ.

ಸಮುದಾಯ ಭವನದಲ್ಲಿ ನಿನಗೆ ಶಾಲು ಹೊದಿಸಿದ ದಿನ ಆದದ್ದನ್ನು ಮತ್ತೆ ಹೇಳುವುದಿಲ್ಲ, ಇಬ್ಬರಿಗೂ ನೆನಪಿದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಪ್ರತಿಭಾ ಪುರಸ್ಕಾರಕ್ಕೆ 85 ಪರ್ಸೆಂಟ್ ಮೇಲೆ ತೆಗೆದವರನ್ನಷ್ಟೇ ಕರೆಯುವುದು ಅಲ್ಲಿಯ ಪದ್ಧತಿ. ಎಸ್ಸೆಸ್ಸೆಲ್ಸಿಯ ನಿನ್ನ 625ಕ್ಕೆ 371ನ್ನೂ ವೇದಿಕೆಗೆ ಕರೆಯಿರಿ ಅಂತ ಸಮಿತಿಯವರ ಮನೆ ಬಾಗಿಲಿಗೆ ಹೋದವಳು ನಾನು. ಮೈಕಿನಲ್ಲಿ ಓದಿದರಲ್ಲ, "ಕಲಿಕಾ ನ್ಯೂನತೆ ಇದ್ದರೂ ಛಲ ಬಿಡದೆ" ಅಂತ, ಆ ಚೀಟಿ ಬರೆದುಕೊಟ್ಟವಳೂ ನಾನೇ. ಅವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದರೆ ಬಿಡು, ಪಾಪ, ಅವರು ಕೊಟ್ಟದ್ದನ್ನು ಓದಿದರು. ಮನೆಗೆ ಬಂದು ನೀನು "ಆ ಶಾಲು ನನಗಲ್ಲ, ನಿನಗೆ ಹೊದಿಸಿದ್ದು" ಅಂದೆ. ನಾನು ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ನೀನು ಹೇಳಿದ್ದು ನಾಟಿತ್ತು, ಅದಕ್ಕೇ ಅಷ್ಟು ಕೂಗಿದ್ದು.

ಅವತ್ತಿನಿಂದ ನನಗೆ ಅರ್ಕಾವೊತ್ತಿನ ರಾತ್ರಿಯೇ ಕಣ್ಣಿಗೆ ಬರುತ್ತಿದೆ. 2017ರ ಜುಲೈ, ನಿನಗೆ ಮೂರನೇ ಕ್ಲಾಸು. ಜಡಿಮಳೆ, ಕರೆಂಟಿಲ್ಲ, ಮೇಣದಬತ್ತಿ ಹಚ್ಚಿಕೊಂಡು ಉಕ್ತಲೇಖನ ಕೊಡುತ್ತಿದ್ದೆ. "ಸೂರ್ಯ" ಅಂದೆ. ನೀನು ಸೂ ಬರೆದೆ, ಅರ್ಕಾವೊತ್ತು ಹಾಕಿದೆ, ಆಮೇಲೆ ಯ ಬರೆದೆ. ತಪ್ಪು ಅಂದೆ. ಮತ್ತೆ ಹಾಗೇ ಬರೆದೆ. ಯ ಮೊದಲು, ಅರ್ಕಾವೊತ್ತು ಆಮೇಲೆ ಅಂತ ಗದರಿದೆ. ನೀನು ತಲೆಯೆತ್ತಿ ಕೇಳಿದೆ: "ರ್ ಅಂತ ಮೊದ್ಲು ಕೇಳ್ಸುತ್ತಲ್ಲಮ್ಮ?"

ಮೊದಲು ಕೇಳಿಸುವುದು ರ್ ಧ್ವನಿಯೇ. ಬಾಯಲ್ಲಿ ಮುಂಚೆ ಬರುವುದನ್ನು ನಾವು ಬರಹದಲ್ಲಿ ಹಿಂದಕ್ಕೆ ಹಾಕುತ್ತೇವೆ. ಹನ್ನೆರಡು ವರ್ಷ ಕನ್ನಡ ಕಲಿಸಿದ್ದೆ, ಒಂದು ಮಗುವೂ ಅದನ್ನು ಕೇಳಿರಲಿಲ್ಲ. ಎಂಟು ವರ್ಷದ ನೀನು ಕೇಳಿದೆ. ಭೇಷ್ ಅನ್ನಬೇಕಿತ್ತು. "ಎದುರು ಮಾತಾಡ್ತೀಯಾ? ನೂರು ಸಲ ಬರಿ" ಅಂದೆ.

ನೀನು ಬರೆದೆ. ಮೂವತ್ತರ ಹೊತ್ತಿಗೆ ಅಕ್ಷರ ಗೆರೆಯಿಂದ ಕೆಳಗಿಳಿದಿತ್ತು. ಅರವತ್ತರ ಹೊತ್ತಿಗೆ ದೀರ್ಘ ಬಿದ್ದುಹೋಗಿತ್ತು. ಎಂಬತ್ತಕ್ಕೆ ಪೆನ್ಸಿಲ್ ಹಿಡಿದುಕೊಂಡೇ ಪುಸ್ತಕದ ಮೇಲೆ ಮಲಗಿಬಿಟ್ಟಿದ್ದೆ. ಅಜ್ಜಿ ಎತ್ತಿ ಮಲಗಿಸಿದರು, ನನ್ನ ಹತ್ತಿರ ಎರಡು ದಿನ ಮಾತು ಬಿಟ್ಟರು. ಬೆಳಿಗ್ಗೆ ಎಬ್ಬಿಸಿ ಮತ್ತೆ ಬರೆಸಿದೆ. ಅರ್ಕಾವೊತ್ತು ಮತ್ತೆ ಮೊದಲೇ ಬಂತು. ನಾನು ಆ ಹಾಳೆ ಹರಿದೆ. ನೀನು ಅಳಲಿಲ್ಲ. ಹರಿದ ಚೂರುಗಳನ್ನು ಆಯ್ದು ಕಸದ ಬುಟ್ಟಿಗೆ ಹಾಕಿ, ಬ್ಯಾಗ್ ಹೆಗಲಿಗೇರಿಸಿಕೊಂಡು ಶಾಲೆಗೆ ಹೋದೆ. ಅತ್ತಿದ್ದರೆ ಅಪ್ಪಿಕೊಳ್ಳುತ್ತಿದ್ದೆನೇನೋ. ಆ ಚೂರು ಆಯ್ದ ಬೆರಳುಗಳು ಈಗಲೂ ನಿದ್ದೆಯಲ್ಲಿ ಬರುತ್ತವೆ, ಪುಟ್ಟಿ.

ನೆಪ ಹೇಳುತ್ತಿಲ್ಲ, ಆದರೂ ಹೇಳುತ್ತೇನೆ. ನಾನು ಡಿ.ಎಡ್. ಓದುವಾಗ, ಓದು ಬರಹದಲ್ಲಿ ತೊಡಕಾಗುವ ಈ ಡಿಸ್ಲೆಕ್ಸಿಯಾ ಅನ್ನುವ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಅಂಗವಿಕಲರ ಹಕ್ಕಿನ 1995ರ ಕಾಯ್ದೆಯ ಪಟ್ಟಿಯಲ್ಲೂ ಅದು ಇರಲಿಲ್ಲ. 2016ರ ಕಾಯ್ದೆ 21 ಬಗೆಯ ನ್ಯೂನತೆ ಗುರುತಿಸಿದಾಗ ಕಲಿಕಾ ನ್ಯೂನತೆಯೂ ಸೇರಿತು. ಅದು ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ. ನಾನು ನಿನ್ನ ಹಾಳೆ ಹರಿದದ್ದು ಅದಾಗಿ ಮೂರು ತಿಂಗಳಿಗೆ. ಮರುವರ್ಷ ನಿಮ್ಹಾನ್ಸಿನಲ್ಲಿ ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರು ನನ್ನ ಕೆಲಸ ಏನು ಅಂತ ಕೇಳಿದರು. ಟೀಚರ್ ಅನ್ನುವುದಕ್ಕೆ ನಾಲಿಗೆ ಏಳಲಿಲ್ಲ.

ನಿನಗೆ ರವೆ ಹರಡಿದ ತಟ್ಟೆಯಲ್ಲಿ ಬೆರಳಿಂದ ತಿದ್ದಿಸಿ, ಬಾಯಲ್ಲಿ ಹೇಳಿಸಿ ಕಲಿಸಿದರಲ್ಲ, ಈಗ ನನ್ನ ಒಂದನೇ ಕ್ಲಾಸಿನ ಮಕ್ಕಳಿಗೆಲ್ಲ ಹಾಗೇ ಮಾಡಿಸುತ್ತೇನೆ. ಅಜ್ಜಿ ನೋಡಿ, "ನಾವು ಮರಳಲ್ಲಿ ತಿದ್ದಿದ್ದೂ ಇದೇ ಅಲ್ವೇನೇ" ಅಂದರು. ದ ಮತ್ತು ಧ, ಬ ಮತ್ತು ಭ, ಮ ಮತ್ತು ವ ಅದಲುಬದಲು ಮಾಡುವ ಮಗು ಕಂಡರೆ ಈಗ ಪಕ್ಕದಲ್ಲಿ ಕೂತುಕೊಳ್ಳುತ್ತೇನೆ. ಹೋದ ವರ್ಷ ಅಂಥ ಒಬ್ಬ ಹುಡುಗನ ಅಪ್ಪ ಅಮ್ಮನನ್ನು ಒಪ್ಪಿಸಿ ಪರೀಕ್ಷೆಗೆ ಕಳಿಸಿದೆ. ಅವನು ಸಿಕ್ಕಿದ್ದು ನಿನ್ನಿಂದ.

ಆ ಚೀಟಿಯಲ್ಲಿ ಏನು ಬರೆಯಬೇಕಿತ್ತು ಅಂತ ಯೋಚಿಸುತ್ತಿದ್ದೆ. ಪರೀಕ್ಷೆಯಲ್ಲಿ ನೀನು ಹೇಳಿದ್ದನ್ನು ಬರೆಯಲು ಸ್ಕ್ರೈಬ್ ಆಗಿದ್ದ ಒಂಬತ್ತನೇ ಕ್ಲಾಸಿನ ಹುಡುಗ ಮೊನ್ನೆ ಅಂಗಡಿ ಹತ್ತಿರ ಸಿಕ್ಕಿದ್ದ. "ಸಮಾಜ ಪೇಪರಲ್ಲಿ ಒಂದು ವಾಕ್ಯ ಬಿಟ್ಟುಬಿಟ್ಟಿದ್ದೆ ಟೀಚರ್. ಓದಿ ಹೇಳಿದಾಗ ಅಕ್ಕ ಹಿಡಿದ್ರು. ಎಷ್ಟನೇ ಪಾಯಿಂಟು ಅಂತಾನೂ ಹೇಳಿದ್ರು" ಅಂದ. ಪೂರ್ತಿ ಉತ್ತರ ತಲೆಯಲ್ಲೇ ಕಟ್ಟಿ, ಇನ್ನೊಬ್ಬರ ಕೈಯ ವೇಗಕ್ಕೆ ಹೇಳಿ, ಬಿಟ್ಟುಹೋದದ್ದನ್ನು ಕಿವಿಯಲ್ಲೇ ಹಿಡಿಯುವುದು! "ಬೇರೆಯವರು ಬರೆದ ಪರೀಕ್ಷೆ" ಅನ್ನುವವರು ಒಂದು ಗಂಟೆ ಹಾಗೆ ಕೂತು ನೋಡಲಿ. ಕನ್ನಡಕ್ಕೆ 125ಕ್ಕೆ 78 ಬಂದಿದೆ. ಆ 78 ನನಗೆ ಎಷ್ಟು ದೊಡ್ಡದು ಅಂತ ಹೇಳಲು ಹೋಗಿಯೇ ಶಾಲಿನವರೆಗೆ ಹೋದೆ. "ಇದ್ದರೂ" ಅನ್ನುವ ಪದ ನಿನಗೆ ಚುಚ್ಚೀತು ಅಂತ ಹೊಳೆಯಲಿಲ್ಲ. ಕಿವಿಗೆ ಬಿದ್ದ ಹಾಗೆ ಬರೆಯುವ, ಬರೆದದ್ದನ್ನು ಕಿವಿಯಿಂದ ತಿದ್ದುವ ಹುಡುಗಿ ನೀನು. ಅದನ್ನು ನಿನ್ನಿಂದ ಕಳೆದು ಉಳಿದದ್ದನ್ನು ಹೊಗಳಿದೆ. ತಪ್ಪಾಯಿತು.

ಈಗ ನೀನು ಪಿಯುಸಿಗೆ ಎಚ್‌ಇಪಿಎಸ್ ತೆಗೆದುಕೊಂಡಿದ್ದೀಯ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಇತಿಹಾಸ ಬೇಡ, ಪುಟಗಟ್ಟಲೆ ಓದಬೇಕು ಅಂತ ನಾನು ಅಡ್ಡ ಬಂದೆ. ಆ ಭಯ ಇನ್ನೂ ಹೋಗಿಲ್ಲ, ಸುಳ್ಳು ಹೇಳಲಾರೆ. ಹಾಗಾಗಿ ಹೇಳಿದ್ದನ್ನೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕಲಿಕಾ ನ್ಯೂನತೆಯ ಪ್ರಮಾಣಪತ್ರದ ನಕಲನ್ನು ಈ ವಾರವೇ ಪ್ರಿನ್ಸಿಪಾಲರಿಗೆ ಕೊಡು, ಪರೀಕ್ಷೆ ಹತ್ತಿರ ಬರುವವರೆಗೆ ಕಾಯಬೇಡ. ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಂಡು ಇಟ್ಟುಕೋ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಅನ್ನುವುದು ಯಾರೋ ಕರುಣೆಯಿಂದ ಕೊಡುವುದಲ್ಲ, ಅದು ನಿನ್ನ ಹಕ್ಕು. ಹದಿನಾಲ್ಕಕ್ಕೆ ಮಾಡಿಸಿದ ಹಾಗೇ 18 ತುಂಬಿದಾಗ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಕಾಲೇಜುಗಳ ಡಿಗ್ರಿ ಸೀಟಿನಲ್ಲಿ 5 ಪರ್ಸೆಂಟ್ ಮೀಸಲಾತಿಯೂ ಇದೆ. ನೋಟ್ಸ್ ಕೇಳಲು ನಾಚಬೇಡ. ರಾತ್ರಿ ಹತ್ತರ ಮೇಲೆ ಓದಬೇಡ, ಸುಸ್ತಾದಾಗ ಅಕ್ಷರ ಕುಣಿಯುತ್ತವೆ ಅಂತ ನೀನೇ ಹೇಳುತ್ತಿದ್ದೆ. ಮೊಸರು ತಿನ್ನು. ಐನ್‌ಸ್ಟೈನಿಗೂ ಹೀಗೇ ಇತ್ತಂತೆ ಅಂತ ಯಾರಾದರೂ ಸಮಾಧಾನಕ್ಕೆ ಬಂದರೆ ಎದ್ದು ಹೋಗಬೇಡ, ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ನೋಡು, ಭಾಷಣ ಆಗಿಬಿಟ್ಟಿತು.

ನಿನಗೆ ಇತಿಹಾಸ ಯಾವಾಗ ಹಿಡಿಸಿತು ಅಂತ ನನಗೆ ಗೊತ್ತು ಅಂದುಕೊಂಡಿದ್ದೇನೆ. ಆರನೇ ಕ್ಲಾಸಿನಲ್ಲಿ ಹಲ್ಮಿಡಿಗೆ ಹೋಗಿದ್ದೆವಲ್ಲ. ಮಂಟಪದಲ್ಲಿ ಶಾಸನದ ಪ್ರತಿಕೃತಿ ಮುಂದೆ ನಿಂತು ನೀನು, "ಕನ್ನಡ ಅಂದ್ಯಲ್ಲ, ಓದು ನೋಡೋಣ" ಅಂದೆ. ಹದಿನಾರು ಸಾಲು, ಸುಮಾರು ಕ್ರಿ.ಶ. 450ರ ಅಕ್ಷರ. ನನಗೆ ಒಂದು ಪದವೂ ದಕ್ಕಲಿಲ್ಲ. ಬೆರಳಿಟ್ಟುಕೊಂಡು ತಡವರಿಸಿದೆ, ಸಾಲು ತಪ್ಪಿತು. ನೀನು ಒಂದಿಷ್ಟೂ ನಗಲಿಲ್ಲ. ನನ್ನ ಕೈ ಹಿಡಿದು, "ಪರವಾಗಿಲ್ಲಮ್ಮ, ನಿಧಾನಕ್ಕೆ ನೋಡು" ಅಂದೆ. ಅಷ್ಟು ವರ್ಷದಲ್ಲಿ ನಾನು ನಿನಗೆ ಒಮ್ಮೆಯೂ ಹಾಗೆ ಹೇಳಿರಲಿಲ್ಲ.

ಶಾಲು ಬೀರುವಿನಲ್ಲಿದೆ. ನೀನು ಹೇಳುವವರೆಗೆ ಹೊರಗೆ ತೆಗೆಯುವುದಿಲ್ಲ. ಫೋಟೋ ಪತ್ರಿಕೆಗೆ ಕೊಡಲಾ ಅಂತ ಸಮಿತಿಯವರು ಕೇಳಿದರು, ಅವಳನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ನಿನ್ನ ಲೆಕ್ಕದಲ್ಲಿ ಸಂಭ್ರಮಕ್ಕೆ ಪಾಯಸ ಮಾಡಬೇಕಾಗಿದ್ದ ದಿನ ಯಾವುದು, ಅದನ್ನೂ ಹೇಳು. ಅಂಥ ದಿನಗಳ ನನ್ನ ಪಟ್ಟಿ ಪೂರ್ತಿ ತಪ್ಪಿರಬಹುದು.

ಹಲ್ಮಿಡಿಯ ಮೂಲ ಕಲ್ಲು ನೀನಿರುವ ಮೈಸೂರಿನಲ್ಲೇ ಇದೆ, ಪುರಾತತ್ವ ಇಲಾಖೆಯಲ್ಲಿ. ಎರಡನೇ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೋಡಲು ಬಿಡುತ್ತಾರಾ ಅಂತ ವಿಚಾರಿಸಿಟ್ಟಿರು. ಬರಬೇಡ ಅನ್ನಿಸಿದರೆ ಅದನ್ನೂ ಹೇಳು, ಕೋಡುಬಳೆಯನ್ನು ಅಪ್ಪನ ಕೈಲಿ ಕಳಿಸುತ್ತೇನೆ.

ನಿನ್ನ
ಅಮ್ಮ