ಒಂದು ವರ್ಷಕ್ಕೇ ಬೆಳಗಿನ ನಿದ್ದೆ ಬಿಡಿಸಬೇಕಾ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಎಳೆಮಕ್ಕಳ ನಿದ್ದೆಯ ಬಗ್ಗೆ ಒಂದು ಪಟ್ಟಿ ಬಂದಿತ್ತು. ಮಗುವಿಗೆ 12 ತಿಂಗಳು ತುಂಬಿದರೆ ಹಗಲಿಗೆ ಒಂದೇ ನಿದ್ದೆ ಸಾಕು ಅಂತ ಅದರಲ್ಲಿ ಒಂದು ಸಾಲು. ಆ ಸಾಲಿನ ಮೇಲೆ ನನ್ನದೊಂದು ತಕರಾರಿದೆ. ಇಂಥದ್ದೇ ಒಂದು ಸಾಲನ್ನು ನಂಬಿ ನಾನು ಎರಡು ತಿಂಗಳು ಒದ್ದಾಡಿದವಳು.

ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗಳಿಗೆ ಆರು ವರ್ಷ, ಮಗನಿಗೆ ಹತ್ತೊಂಬತ್ತು ತಿಂಗಳು. ಮಗು ಮಲಗಿದರೆ ಮಾತ್ರ ನನ್ನ ಮೆಷಿನ್ ತಿರುಗುತ್ತದೆ. ಬೆಳಗಿನ ಒಂದು ಗಂಟೆ ನಿದ್ದೆ ಅಂದರೆ ನನಗೆ ಎರಡು ಅಂಗಿಗೆ ಕಾಲರ್ ಕೂರಿಸುವಷ್ಟು ಹೊತ್ತು. ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಾರ್ಥ ಇಲ್ಲವೇ ಇಲ್ಲ ಎಂದು ಹೇಳಿಕೊಳ್ಳುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮಗಳಿಗೆ ಹನ್ನೊಂದೂವರೆ ತಿಂಗಳಾದಾಗ ಬೆಳಗಿನ ನಿದ್ದೆಗೆ ರಗಳೆ ಶುರುವಾಯಿತು. ಒಂಬತ್ತೂವರೆಗೆ ತಟ್ಟಿ ಮಲಗಿಸಿದರೆ, ತೊಟ್ಟಿಲ ಕಂಬಿ ಹಿಡಿದು ಎದ್ದು ನಿಂತು ನಗುತ್ತಿದ್ದಳು. ಆಗಷ್ಟೇ ಗೋಡೆ ಹಿಡಿದು ಹೆಜ್ಜೆ ಹಾಕಲು ಕಲಿತಿದ್ದಳು. ನಿಲ್ಲುವುದು ಗೊತ್ತಿತ್ತು, ನಿಂತಲ್ಲಿಂದ ಕೂರುವುದು ಗೊತ್ತಿರಲಿಲ್ಲ. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ನಾನು ಪಟ್ಟಿ ನೋಡಿದೆ, "ಓ, ಇವಳಿಗೆ ಬೇಡವಾಗಿದೆ" ಎಂದು ತೀರ್ಮಾನ ಮಾಡಿದೆ. ವಾರಕ್ಕೆ ಮೂರು ದಿನ ಅವಳನ್ನು ಬಿಡುತ್ತಿದ್ದ ಡೇಕೇರ್‌ನಲ್ಲೂ ಅದೇ ನಿಯಮ. ವರ್ಷ ತುಂಬಿದ ಮಕ್ಕಳು ದೊಡ್ಡ ಕೋಣೆಗೆ ಹೋಗಬೇಕು, ಅಲ್ಲಿ ಮಧ್ಯಾಹ್ನ ಎಲ್ಲರಿಗೂ ಒಂದೇ ನಿದ್ದೆ. ಎರಡೂ ಕೂಡಿ ಬಂತಲ್ಲ, ಸರಿ ಅಂದುಕೊಂಡೆ.

ಆಮೇಲಿನ ಕಥೆ ಕೇಳಿ. ಹನ್ನೊಂದು ಗಂಟೆಗೇ ಮಗು ನನ್ನ ಮೊಣಕಾಲಿಗೆ ತಲೆ ಇಟ್ಟು ತೂಕಡಿಸುತ್ತಿತ್ತು. ನಾನು ಹಾಡಿ, ಕುಣಿಸಿ, ಮುಖ ಒರೆಸಿ ಹನ್ನೆರಡೂವರೆಯವರೆಗೆ ಎಳೆಯುತ್ತಿದ್ದೆ. ಕೊನೆಗೆ ಮಲಗಿದರೆ ನಲವತ್ತೇ ನಿಮಿಷ, ಅಳುತ್ತಲೇ ಏಳುವುದು. ಸಂಜೆ ಐದಕ್ಕೆ ರಚ್ಚೆ. ಕೈಗೆ ಸಿಕ್ಕಿದ್ದನ್ನು ಎಸೆಯುವುದು, ಎತ್ತಿಕೊಂಡರೆ ಇಳಿಯಬೇಕು, ಇಳಿಸಿದರೆ ಎತ್ತಿಕೊಳ್ಳಬೇಕು. ಏಳೂವರೆಗೆ ನಿದ್ದೆ ಹೋದರೆ ರಾತ್ರಿ ಎರಡು ಸಲ ಎದ್ದು ಅಳು. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಪೂರ್ತಿ ಎಚ್ಚರ. ಇಷ್ಟಾದರೂ ನನ್ನ ತಲೆಗೆ ಹೊಳೆದದ್ದೇನು ಗೊತ್ತಾ? ಇವಳಿಗೆ ನಿದ್ದೆ ಕಡಿಮೆ ಸಾಕು, ಮಧ್ಯಾಹ್ನದ್ದನ್ನೂ ಇನ್ನಷ್ಟು ಮೊಟಕು ಮಾಡಿದರೆ ರಾತ್ರಿ ಚೆನ್ನಾಗಿ ಮಲಗಿಯಾಳು ಅಂತ! ಅದನ್ನೂ ಒಂದು ವಾರ ಮಾಡಿ ನೋಡಿದೆ. ಆ ವಾರದ ಬಗ್ಗೆ ಬರೆಯುವುದಿಲ್ಲ.

ಕೊನೆಗೆ ಮಕ್ಕಳ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಇಪ್ಪತ್ತನಾಲ್ಕು ಗಂಟೆಯಲ್ಲಿ ಒಟ್ಟು ಎಷ್ಟು ಹೊತ್ತು ಮಲಗುತ್ತಾಳೆ?" ನನಗೆ ಗೊತ್ತಿರಲಿಲ್ಲ. ಮೊಳ, ಗೇಣು, ಅರ್ಧ ಇಂಚು ಎಲ್ಲ ಬಾಯಿಗೇ ಹೇಳುವವಳು ನಾನು, ಮಗುವಿನ ನಿದ್ದೆಯನ್ನು ಒಂದು ದಿನವೂ ಅಳೆದಿರಲಿಲ್ಲ. ಮನೆಗೆ ಬಂದು ಬಟ್ಟೆ ಕತ್ತರಿಸುವ ಮೇಜಿನ ಅಂಚಿನಲ್ಲಿ ಮಾರ್ಕಿಂಗ್ ಚಾಕಿನಿಂದ ಬರೆಯತೊಡಗಿದೆ. ಮಲಗಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ. ವಾರದ ಕೊನೆಗೆ ಕೂಡಿದರೆ ದಿನಕ್ಕೆ ಒಂಬತ್ತೂವರೆ ಗಂಟೆ!

ಎಷ್ಟಿರಬೇಕಿತ್ತು? ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಲೆಕ್ಕದಲ್ಲಿ 4ರಿಂದ 12 ತಿಂಗಳ ಮಗುವಿಗೆ 12ರಿಂದ 16 ಗಂಟೆ, 1ರಿಂದ 2 ವರ್ಷದವರೆಗೆ 11ರಿಂದ 14 ಗಂಟೆ. ಹಗಲಿನ ನಿದ್ದೆಯೂ ಸೇರಿಯೇ ಇಷ್ಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಒಂದರಿಂದ ಎರಡು ವರ್ಷಕ್ಕೆ ಅದೇ 11ರಿಂದ 14. ನನ್ನ ಮಗಳಿಗೆ ಕಡಿಮೆಯೆಂದರೂ ಒಂದೂವರೆ ಗಂಟೆ ಸಾಲ ಬಿದ್ದಿತ್ತು. ಬೆಳಗಿನ ನಿದ್ದೆ ವಾಪಸ್ ಶುರು ಮಾಡಿದೆ. ಮೊದಲ ಎರಡು ದಿನ ಒಪ್ಪಲಿಲ್ಲ, ಮೂರನೇ ದಿನ ಒಂದೂಕಾಲು ಗಂಟೆ ಮಲಗಿದಳು. ಒಂದು ವಾರದೊಳಗೆ ನಾಲ್ಕೂ ಮುಕ್ಕಾಲಿನ ಏಳುವಿಕೆ ಆರಕ್ಕೆ ಹೋಯಿತು. ಹದಿನೈದೂವರೆ ತಿಂಗಳವರೆಗೂ ಅವಳಿಗೆ ಎರಡೂ ನಿದ್ದೆ ಬೇಕಾಗಿತ್ತು.

ಹಗಲು ನಿದ್ದೆ ಕಡಿಮೆ ಮಾಡಿದರೆ ರಾತ್ರಿ ಜಾಸ್ತಿ ಬರುತ್ತದೆ ಎಂಬ ಲೆಕ್ಕ ಇಷ್ಟು ಎಳೆಯ ಮಕ್ಕಳಿಗೆ ಯಾಕೆ ಕೈಕೊಡುತ್ತದೆ ಅಂತ ಆಮೇಲೆ ಓದಿಕೊಂಡೆ. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ಏರುತ್ತದೆ. ಮಲಗಿದರೆ ಇಳಿಯುತ್ತದೆ. ಇದರ ಜೊತೆಗೆ ಹಗಲು ರಾತ್ರಿಯನ್ನು ನೋಡಿಕೊಳ್ಳುವ ಒಳಗಡಿಯಾರ ಬೇರೆ. ಈ ಎರಡೂ ಸೇರಿ ನಿದ್ದೆಯನ್ನು ನಡೆಸುತ್ತವೆ ಎಂಬ ಲೆಕ್ಕವನ್ನು ಬೊರ್ಬೆಲಿ ಎಂಬ ವಿಜ್ಞಾನಿ 1982ರಲ್ಲಿ ಮುಂದಿಟ್ಟರು. ನನ್ನ ಭಾಷೆಯಲ್ಲಿ ಹೇಳುವುದಾದರೆ ಎಳೆಮಗುವಿನದು ಚಿಕ್ಕ ಬಾಬಿನ್. ನೂಲು ಬೇಗ ತುಂಬಿಬಿಡುತ್ತದೆ. ತುಂಬಿದ ಮೇಲೂ ಸುತ್ತುತ್ತಲೇ ಇದ್ದರೆ ನೂಲು ಹೊರಗೆ ಚೆಲ್ಲಿ ಗಂಟಾಗುತ್ತದೆ. ಐದು ಗಂಟೆಯ ರಚ್ಚೆ ಅಂದರೆ ಆ ಗಂಟೇ. ಮಗು ಬೆಳೆದ ಹಾಗೆ ಬಾಬಿನ್ ದೊಡ್ಡದಾಗುತ್ತದೆ, ತುಂಬಲು ಹೊತ್ತು ಹಿಡಿಯುತ್ತದೆ. ಆಗ ಒಂದು ನಿದ್ದೆ ತಾನಾಗಿ ಬೇಡವಾಗುತ್ತದೆ.

ಮಗನ ಸರದಿ ಬಂದಾಗ ಸ್ವಲ್ಪ ಬುದ್ಧಿ ಬಂದಿತ್ತು. ಅವನೂ ಹನ್ನೆರಡು ತಿಂಗಳಿಗೆ ಸರಿಯಾಗಿ ರಗಳೆ ತೆಗೆದ. ಹೊಸದಾಗಿ ನಡಿಗೆ, ಜೊತೆಗೆ ನಾನು ಕೋಣೆಯಿಂದ ಹೊರಗೆ ಕಾಲಿಟ್ಟರೆ ಅಳು. ನಾನು ಸುಮ್ನೆ ಅದೇ ಹೊತ್ತಿಗೆ ಮಲಗಿಸುತ್ತಾ ಹೋದೆ. ಹತ್ತು ದಿನದಲ್ಲಿ ರಗಳೆ ತಾನೇ ನಿಂತಿತು. ಹೊಸ ಆಟ ಕಲಿತಾಗ, ಹಲ್ಲು ಬರುವಾಗ, ಜ್ವರ ಬಂದು ಹೋದಾಗ, ಮಲಗುವ ಜಾಗ ಬದಲಾದಾಗ ಮಕ್ಕಳು ಹೀಗೆ ಮಾಡುತ್ತಾರೆ. ಮಲಗಲು ಒಪ್ಪದಿರುವುದು ಒಂದು, ನಿದ್ದೆ ಬೇಡವಾಗಿರುವುದು ಇನ್ನೊಂದು. ಅಲ್ವಾ?

ನಿಜವಾದ ಬದಲಾವಣೆ ಹದಿನಾಲ್ಕು ತಿಂಗಳು ದಾಟಿದ ಮೇಲೆ ಶುರುವಾಯಿತು, ಅದೂ ನಾನು ಕಾಯುತ್ತಿದ್ದ ಕಡೆಯಿಂದಲ್ಲ. ಬೆಳಗ್ಗೆ ಚೆನ್ನಾಗಿಯೇ ಮಲಗುತ್ತಿದ್ದ. ಮಧ್ಯಾಹ್ನದ ನಿದ್ದೆಯೇ ಬರುತ್ತಿರಲಿಲ್ಲ. ಮುಕ್ಕಾಲು ಗಂಟೆ ಹೊರಳಾಡಿ, ಮೂರೂವರೆಗೆ ಮಲಗಿ, ರಾತ್ರಿ ಒಂಬತ್ತೂವರೆಯಾದರೂ ಕಣ್ಣು ಅಗಲ. ಬಿಡಬೇಕಾದದ್ದು ಬೆಳಗಿನದು, ಕೆಡುವುದು ಮಧ್ಯಾಹ್ನದ್ದು. ಇದು ತುಂಬ ಜನರನ್ನು ದಾರಿ ತಪ್ಪಿಸುತ್ತದೆ, ಮಧ್ಯಾಹ್ನದ ನಿದ್ದೆಯನ್ನೇ ಕಿತ್ತುಹಾಕುತ್ತಾರೆ. ಆಮೇಲೆ ಬೆಳಗ್ಗೆ ಹನ್ನೊಂದರಿಂದ ರಾತ್ರಿಯವರೆಗೆ ಮಗು ಎಚ್ಚರವಿರಬೇಕು.

ನಾನು ಬೆಳಗಿನ ನಿದ್ದೆಯನ್ನು ಮುಕ್ಕಾಲು ಗಂಟೆಗೆ ಇಳಿಸಿದೆ, ಆಮೇಲೆ ಅರ್ಧ ಗಂಟೆಗೆ. ಅದರಿಂದ ಇನ್ನೂ ಐದು ವಾರ ಎರಡೂ ನಡೆದವು. ಅದೂ ಕೆಲಸ ಮಾಡದಾದಾಗ ಚಾಕ್ ಹಿಡಿದೆ. ಎರಡು ವಾರ ಬರೆದೆ. ಅದರಲ್ಲಿ ಒಂದು ನಿದ್ದೆ ತಪ್ಪಿದ ದಿನಗಳಿಗೆ ಪಕ್ಕದಲ್ಲೊಂದು ಗುರುತು ಹಾಕುತ್ತಿದ್ದೆ, ಆ ದಿನ ಸಂಜೆ ಐದಕ್ಕೆ ಹೇಗಿದ್ದ ಅಂತ. ಏಳು ದಿನ ತಪ್ಪಿತ್ತು, ಅದರಲ್ಲಿ ಆರು ದಿನ ಸಂಜೆ ಖುಷಿಯಾಗಿಯೇ ಆಡಿಕೊಂಡಿದ್ದ. ರಾತ್ರಿ ಒಂದೇ ಸಮನೆ ಮಲಗಿದ್ದ, ಬೆಳಗ್ಗೆ ಬೇಗ ಎದ್ದಿರಲಿಲ್ಲ. ಒಟ್ಟು ನಿದ್ದೆ ಹನ್ನೆರಡು ಗಂಟೆಯ ಆಸುಪಾಸಿನಲ್ಲೇ ಇತ್ತು. ನನಗೆ ಬೇಕಾಗಿದ್ದ ಸಾಕ್ಷಿ ಇದೇ. ಮಗಳ ವಿಷಯದಲ್ಲಿ ಈ ಗುರುತು ಹಾಕಿದ್ದರೆ ಮೂರೇ ದಿನದಲ್ಲಿ ಗೊತ್ತಾಗಿಬಿಡುತ್ತಿತ್ತು.

ಆಮೇಲೂ ಒಂದೇ ಏಟಿಗೆ ಬಿಡಿಸಲಿಲ್ಲ. ಒಂಬತ್ತೂ ಮುಕ್ಕಾಲರ ನಿದ್ದೆಯನ್ನು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂದೆ ತಳ್ಳಿದೆ. ಹನ್ನೆರಡೂಕಾಲಕ್ಕೆ ಬರಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ರಾತ್ರಿ ಎಂಟರ ಬದಲು ಏಳೂಕಾಲಕ್ಕೇ ಮಲಗಿಸುತ್ತಿದ್ದೆ. ನೆಗಡಿಯಾದ ನಾಲ್ಕು ದಿನ ಮತ್ತೆ ಎರಡು ನಿದ್ದೆ ಕೊಟ್ಟೆ, ಅದರಿಂದ ಏನೂ ಹಾಳಾಗಲಿಲ್ಲ. ಹಾಳಾದದ್ದು ಒಂದೇ ದಿನ. ಹನ್ನೊಂದು ಗಂಟೆಗೆ ಗಾಡಿಯಲ್ಲಿ ಹೊರಗೆ ಹೋಗಿದ್ದೆವು, ದಾರಿಯಲ್ಲಿ ಅವನಿಗೆ ಐದೇ ನಿಮಿಷದ ಜೋಂಪು. ಅದು ಇಡೀ ಮಧ್ಯಾಹ್ನವನ್ನು ನುಂಗಿಹಾಕಿತು.

ಎಲ್ಲ ಮಕ್ಕಳೂ ನನ್ನ ಮಕ್ಕಳ ಹಾಗೇ ಇರಬೇಕಾಗಿಲ್ಲ. ಗೆಳತಿಯೊಬ್ಬಳ ಮಗು ಹದಿಮೂರಕ್ಕೇ ಒಂದು ನಿದ್ದೆಗೆ ಬಂದು ಆರಾಮಾಗಿತ್ತು. ಹೆಚ್ಚಿನ ಮಕ್ಕಳು 12ರಿಂದ 18 ತಿಂಗಳ ನಡುವೆ ಬೆಳಗಿನ ನಿದ್ದೆ ಬಿಡುತ್ತಾರೆ. ಅದಕ್ಕೂ ಮೊದಲು, ಆರರಿಂದ ಒಂಬತ್ತು ತಿಂಗಳ ಸುಮಾರಿಗೆ ಸಂಜೆಯ ಮೂರನೇ ನಿದ್ದೆ ಹೋಗಿರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಹೆರಿಗೆಗೆ ಕೊಟ್ಟಿದ್ದ ದಿನದಿಂದ ತಿಂಗಳು ಎಣಿಸಬೇಕು. ರಾತ್ರಿ ದಿನಾ ಗೊರಕೆ ಹೊಡೆಯುವ ಮಗು, ಅಥವಾ ಏನು ಮಾಡಿದರೂ ಒಟ್ಟು ನಿದ್ದೆ ತೀರಾ ಕಡಿಮೆ ಇರುವ ಮಗು ಅಂದರೆ ಡಾಕ್ಟರಿಗೆ ತೋರಿಸಬೇಕು, ಪಟ್ಟಿ ನೋಡುತ್ತಾ ಕೂರಬಾರದು.

ಕೊನೆಯ ಮಧ್ಯಾಹ್ನದ ನಿದ್ದೆಯಂತೂ ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ನಡುವಿನ ಮಾತು. ನನ್ನ ಮಗಳು ಮೂರು ವರ್ಷ ಎಂಟು ತಿಂಗಳಿಗೆ ಬಿಟ್ಟಳು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳಿಗೆ ಬೆಳಗ್ಗೆ ಚಿತ್ರದ ಆಟ ಆಡಿಸಿದ್ದರು, ಯಾವ ಚಿತ್ರ ಎಲ್ಲಿತ್ತು ಅಂತ ನೆನಪಿಟ್ಟುಕೊಳ್ಳುವ ಆಟ. ಮಧ್ಯಾಹ್ನ ಮಲಗಿದ ದಿನ ಮಕ್ಕಳಿಗೆ ಹೆಚ್ಚು ನೆನಪಿತ್ತು. ಮಲಗದ ದಿನ ಮರೆತದ್ದನ್ನು ಆ ರಾತ್ರಿಯ ನಿದ್ದೆಯೂ ತಂದುಕೊಡಲಿಲ್ಲ. ದಿನಾ ಮಧ್ಯಾಹ್ನ ಮಲಗುವ ಅಭ್ಯಾಸದ ಮಕ್ಕಳಲ್ಲಿ ಈ ವ್ಯತ್ಯಾಸ ಜಾಸ್ತಿ ಕಂಡಿತು. ಮಲಗುವ ಮಕ್ಕಳನ್ನು ಎಬ್ಬಿಸಿ ಪಾಠಕ್ಕೆ ಕೂರಿಸುವವರು ಇದನ್ನು ಓದಬೇಕು.

ಡೇಕೇರ್‌ನವರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ಮಕ್ಕಳನ್ನು ಇಬ್ಬರು ನೋಡಿಕೊಳ್ಳುತ್ತಿದ್ದರು, ಎಲ್ಲರೂ ಒಟ್ಟಿಗೆ ಮಲಗಿದರೆ ಅವರಿಗೂ ಒಂದು ಉಸಿರು. ಆದರೆ ಹುಟ್ಟುಹಬ್ಬದ ಮರುದಿನವೇ ಬಾಬಿನ್ ದೊಡ್ಡದಾಗುವುದಿಲ್ಲ. ಮೂಲೆಯಲ್ಲಿ ಒಂದು ಚಾಪೆ, ಬೆಳಗ್ಗೆ ಅರ್ಧ ಗಂಟೆ. ಬೇಕಾದ ಮಗುವಿಗೆ ಅಷ್ಟು ಕೊಟ್ಟರೆ ಸಾಕಿತ್ತು. ನಾನು ಕೇಳಲಿಲ್ಲ, ಅದು ನನ್ನ ತಪ್ಪೂ ಹೌದು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಆ ಪಟ್ಟಿ ಹಾಕುವಾಗ 12 ತಿಂಗಳು ಎಂದು ಒಂದೇ ಅಂಕಿ ಹಾಕಬೇಡಿ, "12ರಿಂದ 18" ಎಂದು ಹಾಕಿ. ಪಕ್ಕದಲ್ಲಿ ದಿನದ ಒಟ್ಟು ನಿದ್ದೆಗೆ ಒಂದು ಕಾಲಂ ಕೊಡಿ. ಜಾಗ ಸಾಲದಿದ್ದರೆ ಅರ್ಧ ಪುಟ ಹಿಡಿದಿರುವ ಆ ಮಲಗಿದ ಮಗುವಿನ ಫೋಟೊ ಸ್ವಲ್ಪ ಚಿಕ್ಕದು ಮಾಡಿ.

ಇಂತಿ,
ಮನೆಯಲ್ಲೇ ಹೊಲಿಗೆ ಮಾಡುವ ಒಬ್ಬ ತಾಯಿ