ತಮ್ಮನ ಕೇಸು ಮುಗಿಯಿತು, ಜೊತೆಗಿದ್ದವರಿಗೆ ನಮಸ್ಕಾರ

ನಾಲ್ಕು ವರ್ಷದಿಂದ "ಏನಾಯ್ತು, ಎಲ್ಲಿಗೆ ಬಂತು?" ಎಂದು ಬಿಡದೆ ವಿಚಾರಿಸುತ್ತಿದ್ದವರಿಗೆಲ್ಲ ಮೊದಲು ಸುದ್ದಿ: ತಮ್ಮನ ಕೇಸು ಕಳೆದ ವಾರ ಮುಗಿಯಿತು. ತಪ್ಪು ನಡೆದದ್ದು ನಿಜ ಎಂದು ಎದುರಿನವರು ಬರೆದುಕೊಟ್ಟಿದ್ದಾರೆ. ಮುಂದಿನ ಆರೈಕೆಗೆ ಪರಿಹಾರವೂ ಸಿಗುತ್ತದೆ. ಅಮ್ಮ ಆ ಕಾಗದವನ್ನು ಎರಡು ಸಲ ಓದಿಸಿಕೊಂಡರು, ಹಣದ ಸಾಲನ್ನಲ್ಲ, ತಪ್ಪೊಪ್ಪಿಗೆಯ ಸಾಲನ್ನು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಣ್ಣ ಆಪರೇಷನ್. ಅರಿವಳಿಕೆಯಲ್ಲಿದ್ದಾಗ ಉಸಿರಿನ ಕೊಳವೆ ಜಾಗ ತಪ್ಪಿತು, ಅದು ಗಮನಕ್ಕೆ ಬರುವುದು ತಡವಾಯಿತು. ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ 2, ಆದರೆ ದೇಹ ಬಳಸುವ ಆಕ್ಸಿಜನ್‌ನಲ್ಲಿ ಸುಮಾರು ಶೇ 20 ಅದಕ್ಕೊಂದಕ್ಕೇ ಬೇಕು. ಪೂರೈಕೆ ಪೂರ್ತಿ ನಿಂತರೆ ನಾಲ್ಕೈದು ನಿಮಿಷದಲ್ಲೇ ಜೀವಕೋಶಗಳು ಸಾಯತೊಡಗುತ್ತವೆ. ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು, ಹೊಸ ನೆನಪು ನಿಲ್ಲಲು ಬೇಕಾದ ಜಾಗ ಅದು. ತಮ್ಮ ನಡೆಯುತ್ತಾನೆ, ನಗುತ್ತಾನೆ, ಶಾಲೆಯ ದಿನಗಳನ್ನೆಲ್ಲ ಹೇಳುತ್ತಾನೆ. ಬೆಳಿಗ್ಗೆ ಮಾತಾಡಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. "ಚೆನ್ನಾಗೇ ಇದ್ದಾನಲ್ಲ" ಎಂದವರಿಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ನೆನಪಿನ ಪರೀಕ್ಷೆಗಳನ್ನು ಗಂಟೆಗಟ್ಟಲೆ ತಾಳ್ಮೆಯಿಂದ ಮಾಡಿ, ಆ ಉತ್ತರವನ್ನು ವರದಿಯಲ್ಲಿ ಬರೆದುಕೊಟ್ಟ ಮನೋತಜ್ಞೆಗೆ ದೊಡ್ಡ ನಮಸ್ಕಾರ.

ಐಸಿಯುನಲ್ಲಿ ಪ್ರಜ್ಞೆಯಿಲ್ಲದವನನ್ನೂ ಹೆಸರು ಹಿಡಿದು ಕರೆದು, "ಈಗ ಮಗ್ಗುಲು ಬದಲಿಸ್ತೀನಿ" ಎಂದು ಹೇಳಿಯೇ ಮುಟ್ಟುತ್ತಿದ್ದ ನರ್ಸಮ್ಮನನ್ನು ಮರೆಯಲಾರೆ.

ವಕೀಲರ ಬಳಿ ನಾವು ಹೋದದ್ದು ಬರೀ ಸಿಟ್ಟು ಹೊತ್ತುಕೊಂಡು. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಚಿಕಿತ್ಸೆಯ ದಾಖಲೆಗಳು ಕೈಯಲ್ಲಿವೆಯಾ?" ಎಂದಷ್ಟೇ ಕೇಳಿದರು. ತಪ್ಪಾಗಿದೆ ಎಂದು ತೋರಿಸಿದರೆ ಸಾಲದು, ಆ ತಪ್ಪಿನಿಂದಲೇ ಈ ಹಾನಿಯಾಯಿತು ಎಂಬುದನ್ನೂ ತೋರಿಸಬೇಕು ಎಂದು ಬಿಡಿಸಿ ಹೇಳಿದರು. ದಾವೆ ಹೂಡಲು ಕಾಲಮಿತಿ ಇರುತ್ತದೆ, ದುಃಖ ಆರಲಿ ಎಂದು ಕಾಯುತ್ತ ಕೂರಬೇಡಿ ಎಂದರು. ಅದೇ ವಾರ ಮಾನಿಟರ್ ಯಂತ್ರದಲ್ಲಿ ಉಳಿದಿದ್ದ ಅಂಕಿಗಳನ್ನು ಅಳಿಸದೆ ಇಡುವಂತೆ ನೋಟಿಸ್ ಕಳಿಸಿದರು. ಆ ಒಂದು ಕಾಗದ ಹೋಗದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಯಾಕೆಂದರೆ ಕೈಬರಹದ ಅರಿವಳಿಕೆ ಹಾಳೆಯಲ್ಲಿ ರಕ್ತದ ಆಕ್ಸಿಜನ್ ಮಟ್ಟ ಐದೈದು ನಿಮಿಷಕ್ಕೆ ಶೇ 98, 98, 99, ಮತ್ತೆ 98. ಒಂದೇ ಪೆನ್ನು, ಒಂದೇ ಒತ್ತಡ, ಒಂದೇ ಏಟಿಗೆ ಬರೆದಂತೆ. ಯಂತ್ರದ ಹಾಳೆಯಲ್ಲಿ ಅದೇ ಹೊತ್ತಿಗೆ 91, 78, 60, ಆಮೇಲೆ ಅದಕ್ಕೂ ಕೆಳಗೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದ ದಿನ ನನ್ನ ಕೈಕಾಲು ತಣ್ಣಗಾಗಿದ್ದವು. ಅವನಿಗೆ ನೆನಪಿಲ್ಲದ ಆ ನಿಮಿಷಗಳು ಅಲ್ಲಿದ್ದವು.

ಆ ಹಾಳೆಗಳನ್ನು ಸಾಲುಸಾಲಾಗಿ ಓದಿ ಅಭಿಪ್ರಾಯ ಕೊಟ್ಟ ಅರಿವಳಿಕೆ ತಜ್ಞರಿಗೆ ನಾವು ಯಾರೋ ಏನೋ. ತಮ್ಮದೇ ವೃತ್ತಿಯವರ ಲೋಪವನ್ನು ಬರೆಯುವುದು ಸುಲಭವಲ್ಲ. ಔಷಧದ ಪ್ರಮಾಣ ಜಾಸ್ತಿಯಾಗಿತ್ತು ಎಂಬ ನಮ್ಮ ದೂರು ಸರಿಯಲ್ಲ ಎಂದೂ ಅವರು ನೇರವಾಗಿ ಹೇಳಿದರು. ಆವತ್ತು ಬೇಸರವಾಗಿತ್ತು. ಅವರ ಮಾತಿಗೆ ತೂಕ ಬಂದದ್ದೇ ಆ ಪ್ರಾಮಾಣಿಕತೆಯಿಂದ ಎಂದು ಈಗ ಗೊತ್ತಾಗಿದೆ.

ಕೊನೆಗೆ, ತಮ್ಮನಿಗೆ ನೋಟ್‌ಬುಕ್ ಅಭ್ಯಾಸ ಮಾಡಿಸಿದ ಥೆರಪಿಸ್ಟ್‌ಗೆ. ಏನೇ ನಡೆದರೂ ಆಗಲೇ ಬರೆದುಕೋ, ಎದ್ದ ಕೂಡಲೇ ಓದು ಎಂದು ತಿಂಗಳುಗಟ್ಟಲೆ ಹಠ ಹಿಡಿದು ಕಲಿಸಿದರು. ಕೇಸು ಮುಗಿದ ಸಂಜೆ ಅವನು ನನ್ನ ಪಕ್ಕದಲ್ಲೇ ಕೂತು ಏನೋ ಬರೆದ. ಮರುದಿನ ಬೆಳಿಗ್ಗೆ ಫೋನ್ ಬಂತು.

"ಅಕ್ಕಾ, ಕೇಸು ಮುಗೀತಂತೆ! ಅಕ್ಕನಿಗೆ ಮೊದಲು ಹೇಳಬೇಕು ಅಂತ ಬರ್ಕೊಂಡಿದೀನಿ. ನಿನಗೆ ಗೊತ್ತಾಯ್ತಾ?"

"ಇಲ್ಲ ಕಣೋ," ಎಂದೆ, "ಎಲ್ಲಾ ಹೇಳು."